ಮಲಗಿದ್ದ ಎತ್ತು

ಹೋದ ವರ್ಷ ದೀಪಾವಳಿ ಕಳೆದು ಒಂದು ವಾರವಾಗಿತ್ತು. ಮಕ್ಕಳು ಊಟ ಮುಗಿಸಿ ಚಾಪೆಯ ಮೇಲೆ ಮಲಗಿದ್ದರು. ಒಬ್ಬ ತಾಯಿ ನಮ್ಮ ಅಂಗನವಾಡಿಯ ಬಾಗಿಲಿಗೆ ಬಂದು ನಿಂತಳು, ಒಳಗೆ ಬರಲಿಲ್ಲ. ಮೆಕ್ಕೆಜೋಳ ಮುರಿಯುವ ಕೂಲಿಯಿಂದ ನೆಟ್ಟಗೆ ಬಂದಿದ್ದಳೆಂದು ಕಾಣುತ್ತದೆ. ಸೀರೆಯ ಮೇಲೆ ತೊಟ್ಟಿದ್ದ ಗಂಡನ ಅಂಗಿಗೆಲ್ಲ ಜೋಳದ ಸುಂಕಿನ ಧೂಳು ಅಂಟಿತ್ತು.

“ಟೀಚರ್, ನನ್ ಮಗಳು ಮಾಡಿದ್ದು ಏನಾರ ಐತೇನ್ರಿ ನಿಮ್ಮತ್ರ?” ಎಂದಳು. “ಏನಾರ ಆಗ್ಲಿ. ಅವ್ಳು ಕೈಯಾರೆ ಮಾಡಿದ್ದು.”

ಅವಳ ಮಗಳು ನಮ್ಮ ಅಂಗನವಾಡಿಗೆ ಬರುತ್ತಿದ್ದ ಹುಡುಗಿ. ನಾಲ್ಕು ತುಂಬಿ ಐದಕ್ಕೆ ಬಿದ್ದಿತ್ತು. ಭಾದ್ರಪದದ ಮಳೆಯಲ್ಲಿ ಜ್ವರ ಬಂದು, ಹೊಸದುರ್ಗದಲ್ಲಿ ಎರಡು ದಿನ, ಚಿತ್ರದುರ್ಗದಲ್ಲಿ ಎರಡು ದಿನ ಇದ್ದು, ಐದನೆಯ ದಿನ ಬೆಳಗ್ಗೆ ತೀರಿಕೊಂಡಿತು. ಆ ಮನೆತನದಲ್ಲಿ ಸಣ್ಣ ಮಕ್ಕಳು ಹೋದರೆ ಅವರ ಬಟ್ಟೆಬರೆ, ಬಳೆ, ಆಟದ ಸಾಮಾನು ಯಾವುದನ್ನೂ ಮನೆಯಲ್ಲಿ ಉಳಿಸಿಕೊಳ್ಳುವುದಿಲ್ಲ, ಹೂಳುವಾಗ ಗುಣಿಗೆ ಹಾಕಿ ಮಣ್ಣು ಮುಚ್ಚುತ್ತಾರೆ. ಉಳಿಸಿಕೊಂಡರೆ ಮಗು ಹೊಸಿಲು ಬಿಟ್ಟು ಹೋಗುವುದಿಲ್ಲ ಎಂಬ ನಂಬಿಕೆ. ಅಜ್ಜಿ ಒಂದೂ ಬಿಡದೆ ಹುಡುಕಿ ಹಾಕಿದ್ದಳಂತೆ, ಜಡೆಗೆ ಸಿಕ್ಕಿಸುವ ಪಿನ್ನು ಕೂಡ.

“ಫೋಟೋ ಐತಲ್ಲಮ್ಮ, ನಿನ್ ಫೋನ್ನಾಗೆ” ಎಂದೆ.

“ಫೋಟೋ ಮುಟ್ಟಿದ್ರೆ ಗ್ಲಾಸು ಸಿಗ್ತೈತ್ರಿ ಕೈಗೆ” ಎಂದಳು.

ಹುಡುಕಿ ಇಡುತ್ತೇನೆ, ಸೋಮವಾರ ಬಾ ಎಂದು ಕಳಿಸಿದೆ. ಆ ಮಾತು ಹೇಳುವಾಗ ನನಗೆ ಯಾವ ಅನುಮಾನವೂ ಇರಲಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮಕ್ಕಳ ಕೈಯಲ್ಲಿ ಸೊಪ್ಪುಸದೆ, ಬೀಜ, ಮಣ್ಣು ಹಿಡಿಸಿ ಏನಾದರೊಂದು ಮಾಡಿಸುತ್ತಲೇ ಬಂದವಳು ನಾನು. ಎರಡು ವರ್ಷ ದಿನಾ ಬಂದ ಹುಡುಗಿಯದು ಒಂದು ಸಾಮಾನು ಸಿಗದೆ ಹೋಗುತ್ತದೆಯೇ ಎಂದುಕೊಂಡೆ.

ನಮ್ಮೂರು ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕೆ ಸರಿದು ಕೂತಿದೆ. ನನ್ನ ತವರು ಹಿರಿಯೂರಿನ ಕಡೆ, ಕರಿಮಣ್ಣಿನ ಸೀಮೆ. ಈ ಊರಲ್ಲಿ ನನಗೆ ಎರಡು ವಿಷಯಕ್ಕೆ ಹೆಸರಿದೆ. ಒಂದು, ಮೂಗಿನ ತುದಿಯಲ್ಲೇ ಇರುವ ಕೋಪ. ಇನ್ನೊಂದು ಕೈಕೆಲಸ. ಎರಡರ ಬಗ್ಗೆಯೂ ನನಗೆ ಒಳಗೊಳಗೇ ಜಂಭವಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಸಂತೆಯಲ್ಲಿ ಸಿಗುವ ಪ್ಲಾಸ್ಟಿಕ್ ಆಟಿಕೆಯನ್ನು ನಾನು ಹತ್ತಿರ ಸೇರಿಸಿದವಳಲ್ಲ. ನಮ್ಮ ಬೇಲಿಯಲ್ಲಿ ಏನು ಕಡಿಮೆಯಿದೆ? ಒಣಗಿದ ಜಾಲಿಕಾಯಿ ದಾರಕ್ಕೆ ಪೋಣಿಸಿದರೆ ಕಾಲ್ಗೆಜ್ಜೆಯಾಗುತ್ತದೆ. ಮೆಕ್ಕೆಜೋಳದ ಸಿಪ್ಪೆ ಸುತ್ತಿದರೆ ಬೊಂಬೆ, ಅದರ ಜುಟ್ಟೇ ಬೊಂಬೆಯ ತಲೆಗೂದಲು. ಹರಳೆಲೆಗೆ ಬಣ್ಣ ಬಳಿದು ಕಾಗದಕ್ಕೆ ಒತ್ತಿದರೆ ದೊಡ್ಡದೊಂದು ಅಂಗೈ ಮೂಡುತ್ತದೆ. ಹುಣಸೆಬೀಜದಲ್ಲಿ ನವಿಲು. ತೆಂಗಿನ ಗರಿಯಲ್ಲಿ ಪೀಪಿ, ಹಾವು, ಕೈಗೆ ಕಟ್ಟುವ ವಾಚು. ವಾಚು ಕಟ್ಟಿಸಿಕೊಂಡ ಮಕ್ಕಳನ್ನು ಟೈಮೆಷ್ಟು ಎಂದು ಕೇಳಿದರೆ ಬೆಳಗ್ಗೆ ಹತ್ತಕ್ಕೂ ಊಟದ ಟೈಮು, ಮಧ್ಯಾಹ್ನ ಎರಡಕ್ಕೂ ಊಟದ ಟೈಮು. ಅಡುಗೆ ಮಾಡುವ ನಮ್ಮ ಸಹಾಯಕಿ ಒಳಗಿನಿಂದ, “ನಿಮ್ ವಾಚಿಗೆ ಬೆಂಕಿ ಬಿದ್ದೋಗ, ಅನ್ನ ಇನ್ನೂ ಕುದೀತೈತೆ” ಎಂದು ಗದರುತ್ತಿದ್ದಳು. ಅವಳು ನನಗಿಂತ ಆರು ವರ್ಷ ದೊಡ್ಡವಳು, ನನ್ನ ಕೋಪಕ್ಕೆ ಹೆದರದ ಒಂದೇ ಜೀವ.

ಮಕ್ಕಳು ಮಾಡಿದ್ದು ಮಕ್ಕಳು ಮಾಡಿದ ಹಾಗೇ ಇರುತ್ತದೆ. ನವಿಲಿಗೆ ಕತ್ತಿರುವುದಿಲ್ಲ, ಬೊಂಬೆಯ ಕೂದಲು ಹೊಟ್ಟೆಗೆ ಅಂಟಿರುತ್ತದೆ. ನನಗೆ ಅದನ್ನು ಹಾಗೇ ನೋಡಿಕೊಂಡಿರಲು ಆಗುತ್ತಿರಲಿಲ್ಲ. ಮಕ್ಕಳು ಮನೆಗೆ ಹೋದ ಮೇಲೆ ಕೂತು ಒಂದೊಂದನ್ನೇ ಸರಿ ಮಾಡುತ್ತಿದ್ದೆ. ಮೇಲ್ವಿಚಾರಕಿಯವರು ಹೊಸದುರ್ಗದಿಂದ ಬಂದರೆ ಗೋಡೆ ನೋಡಿ, “ನಿಮ್ಮ ಮಕ್ಕಳ ಕೈ ಎಷ್ಟು ಚೊಕ್ಕ” ಎನ್ನುತ್ತಿದ್ದರು. ಮೊಬೈಲಿನಲ್ಲಿ ಫೋಟೋ ಕಳಿಸುವ ಕೆಲಸ ಶುರುವಾದ ಮೇಲಂತೂ ತಿದ್ದುವುದು ಇನ್ನೂ ಹೆಚ್ಚಾಯಿತು. ಮೊದಲು ಕತ್ತು ಅಂಟಿಸುತ್ತಿದ್ದೆ, ಆಮೇಲೆ ರೆಕ್ಕೆ, ಕಡೆಕಡೆಗೆ ಪೂರ್ತಿ ನವಿಲನ್ನೇ ಕಿತ್ತು ಹೊಸದು ಮಾಡಿ ಕೆಳಗೆ ಮಗುವಿನ ಹೆಸರು ಬರೆಯುತ್ತಿದ್ದೆ.

“ಮಕ್ಳು ಮಾಡಿದ್ದು ಯಾಕ್ರಿ ಕೆಡಸ್ತೀರಿ?” ಎಂದು ಸಹಾಯಕಿ ಒಮ್ಮೆ ಕೇಳಿದ್ದುಂಟು.

“ಕೆಡ್ಸಾಕಿಲ್ಲ, ಸರಿ ಮಾಡ್ತೀನಿ. ನೀನು ಬೇಳೆ ನೋಡ್ಕಾ ಹೋಗು” ಎಂದಿದ್ದೆ.

ಎಲ್ಲಕ್ಕಿಂತ ಹೆಚ್ಚು ಮುತುವರ್ಜಿಯಿಂದ ನಾನು ಮಾಡಿಸುತ್ತಿದ್ದುದು ಮಣ್ಣಿನ ಎತ್ತುಗಳನ್ನು. ಮುಂಗಾರು ಬಿದ್ದ ಮೇಲೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ನನ್ನ ತವರಿನಲ್ಲಿ ಮನೆಮಂದಿಯೆಲ್ಲ ಕೂತು ಎತ್ತು ಮಾಡುತ್ತಿದ್ದೆವು. ಪೂಜೆ ಮಾಡಿ, ಮಾರನೆಯ ದಿನ ನೀರಿಗೆ ಬಿಡುವುದು. ಅಪ್ಪ ಒಂದು ನಿಯಮ ಇಟ್ಟಿದ್ದ. ಎತ್ತು ನಾಲ್ಕು ಕಾಲ ಮೇಲೆ ನಿಲ್ಲಬೇಕು. ಉಳುಮೆ ಶುರುವಾಗುವ ಹೊತ್ತಿನಲ್ಲಿ ಕೂತ ಎತ್ತಿಗೆ ಪೂಜೆ ಮಾಡಿದರೆ ವರ್ಷವೆಲ್ಲ ಹೊಲ ಕೂತುಬಿಡುತ್ತದೆ ಎನ್ನುತ್ತಿದ್ದ. ನನ್ನ ಎತ್ತಿನ ಕಾಲು ಕುಸಿದರೆ ಸದ್ದಿಲ್ಲದೆ ಕೈಯಿಂದ ತೆಗೆದುಕೊಂಡು ಮುದ್ದೆ ಮಾಡಿ ವಾಪಸ್ಸು ಕೊಡುತ್ತಿದ್ದ. ಬೈಯುತ್ತಿರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ. ಏಳೆಂಟು ವರ್ಷಕ್ಕೆಲ್ಲ ನನ್ನ ಎತ್ತು ನಿಂತವು.

ಮದುವೆಯಾಗಿ ಈ ಕಡೆ ಬಂದ ಮೇಲೂ ನಾನು ಅದನ್ನು ಬಿಡಲಿಲ್ಲ. ಅಮಾವಾಸ್ಯೆ ಹತ್ತಿರವಾದರೆ ಕೆರೆಯ ಅಂಗಳದಿಂದ ಜಿಗುಟು ಮಣ್ಣು ತರಿಸಿ, ಕಲ್ಲು ಆರಿಸಿ, ನೆನೆಹಾಕಿ, ಮಕ್ಕಳ ಕೈಗೆ ಒಂದೊಂದು ಉಂಡೆ ಕೊಡುತ್ತಿದ್ದೆ. ಊರಲ್ಲಿ ಈಗ ಎತ್ತು ಕಟ್ಟಿದವರು ಮೂರು ಮನೆಯೂ ಇಲ್ಲ, ಎಲ್ಲ ಟ್ರ್ಯಾಕ್ಟರು. ಒಬ್ಬ ಹುಡುಗ ಪ್ರತಿವರ್ಷ ಎತ್ತಿಗೆ ಸ್ಟೇರಿಂಗು ಇಡುತ್ತಿದ್ದ. ನಕ್ಕು ಅದನ್ನು ಕಿತ್ತುಹಾಕುತ್ತಿದ್ದೆ.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳು ಬಹಳ ನಿಧಾನ. ಉಣ್ಣುವುದು ನಿಧಾನ, ನಡೆಯುವುದು ನಿಧಾನ. ಇವತ್ತು ಕೇಳಿದ ಪ್ರಶ್ನೆಗೆ ನಾಳೆ ಉತ್ತರ ಹೇಳುವ ಹುಡುಗಿ. “ನಿಮ್ಮನೇಲಿ ಇವತ್ತು ಏನ್ ಸಾರೇ?” ಎಂದರೆ ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿತ್ತು. ಮಾರನೆಯ ದಿನ ಬಾಗಿಲು ದಾಟಿದ ಕೂಡಲೇ “ಹುರುಳಿಕಾಳು” ಎನ್ನುತ್ತಿತ್ತು. ಸಹಾಯಕಿಗೆ ಅದು ತಮಾಷೆ. ನನಗೆ ಸಿಟ್ಟು ಬರುತ್ತಿತ್ತು. “ಲೇ ಆಮೆ, ಬೇಗ ಬೇಗ ಮಾಡೇ” ಎಂದು ದಿನಕ್ಕೆ ಹತ್ತು ಸಲವಾದರೂ ಅಂದಿದ್ದೇನೆ. ಅದು ನನ್ನ ಮೇಲೆ ಯಾವತ್ತೂ ಮುನಿಸಿಕೊಳ್ಳಲಿಲ್ಲ.

ಆ ಸಲ ಎತ್ತು ಮಾಡಿದ ದಿನ ಮಕ್ಕಳೆಲ್ಲ ಮುಗಿಸಿ ಕೈ ತೊಳೆಯಲು ಓಡಿದರು. ಇವಳು ಮಾತ್ರ ಮೂಲೆಯಲ್ಲಿ ನನಗೆ ಬೆನ್ನು ಹಾಕಿ ಕೂತು ಏನೋ ತಟ್ಟುತ್ತಲೇ ಇದ್ದಳು. ಮಳೆ ಕವಿದಿತ್ತು, ಅಂಗಳದಲ್ಲಿ ಒಣಹಾಕಿದ್ದ ಹಲಗೆ ಒಳಗೆ ತರಬೇಕಿತ್ತು, ಅದೇ ಹೊತ್ತಿಗೆ ಮೇಲ್ವಿಚಾರಕಿಯವರ ಫೋನು. ಚಿತ್ರದುರ್ಗದಲ್ಲಿ ಜಿಲ್ಲೆಯ ಎಲ್ಲ ಅಂಗನವಾಡಿ ಮಕ್ಕಳ ಕೈಕೆಲಸದ ಪ್ರದರ್ಶನವಿದೆ, ನಿಮ್ಮಲ್ಲಿಂದ ಮಣ್ಣಿನ ಎತ್ತುಗಳನ್ನೇ ತನ್ನಿ ಎಂದರು. ನಾನು ಫೋನಿಟ್ಟು ತಿರುಗುವಾಗ ಹುಡುಗಿ ಎದುರಿಗೆ ನಿಂತು ಅಂಗೈ ಚಾಚಿತ್ತು. ಅಂಗೈ ಮೇಲೆ ಮಣ್ಣಿನದೊಂದು ಗಂಟು.

“ಇದೇನೇ? ಆಲೂಗಡ್ಡೆನಾ?”

ಹುಡುಗಿ ಅಂಗೈಯನ್ನು ಇನ್ನಷ್ಟು ಮೇಲೆತ್ತಿತು.

“ಕಾಲೆಲ್ಲಿ? ಒಂದು ಕಾಲೂ ಇಲ್ವಲ್ಲೇ ಇದಕ್ಕೆ?”

ಎಂದಿನಂತೆ ನನ್ನ ಮುಖವನ್ನೇ ನೋಡಿತು. ನಾನು ಅದನ್ನು ಅವಳ ಅಂಗೈಯಿಂದ ತೆಗೆದುಕೊಂಡೆ. ಮುಷ್ಟಿಯಲ್ಲಿ ಒತ್ತಿ ಮುದ್ದೆ ಮಾಡಿದೆ. ಅವಳೆದುರಿಗೇ ಕಾಲು ಎಳೆದು, ಹೆಗಲ ಮೇಲೆ ಇಣಿಯ ಡುಬ್ಬ ಎತ್ತಿ, ಕೊಂಬು ತೀಡಿ, ಚಕಚಕನೆ ಒಂದು ಎತ್ತು ಮಾಡಿ ಹಲಗೆಯ ಮೇಲೆ ನಿಲ್ಲಿಸಿದೆ. ಉಳಿದ ಮಣ್ಣಲ್ಲಿ ಅದಕ್ಕೊಂದು ಜೋಡಿ. “ನೋಡು, ಎತ್ತು ಅಂದ್ರೆ ಹಿಂಗಿರ್ಬೇಕು” ಎಂದೆ. ಹುಡುಗಿ ಸ್ವಲ್ಪ ಹೊತ್ತು ನೋಡಿ, ಕೈ ತೊಳೆಯಲು ಹೋಯಿತು. ಅಳಲಿಲ್ಲ.

ಮಾರನೆಯ ದಿನ ಬಾಗಿಲು ದಾಟಿದ ಕೂಡಲೇ, ತನ್ನ ಪದ್ಧತಿಯಂತೆ, ನನ್ನ ಹತ್ತಿರ ಬಂದು ಉತ್ತರ ಹೇಳಿತು.

“ಅದು ಮಲ್ಗಿತ್ತು ಮಿಸ್.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅಯ್ಯೋ ಅನ್ನಿಸಿದ್ದು ನಿಜ. ಆದರೆ ನಿಂತುಕೊಂಡು ಕೇಳುವ ಪುರುಸೊತ್ತು ನನಗೆಲ್ಲಿತ್ತು? “ಮಲಗಿದ ಎತ್ತಿಗೆ ಪೂಜೆ ಮಾಡಲ್ಲ ಕಣೇ” ಎಂದು ಕೆನ್ನೆ ತಟ್ಟಿ ಕೂರಿಸಿದೆ. ಹಬ್ಬವಾದ ಮಾರನೆಯ ದಿನ ಉಳಿದ ಎತ್ತುಗಳನ್ನೆಲ್ಲ ಮಕ್ಕಳ ಕೈಯಿಂದಲೇ ಕೆರೆಗೆ ಬಿಡಿಸಿದೆವು. ಪ್ರದರ್ಶನಕ್ಕೆಂದು ಎತ್ತಿಟ್ಟ ಆರು ಜೋಡಿ ಮಾತ್ರ ಪೂಜೆಗೆ ಇಡದೆ ನೆರಳಲ್ಲಿ ಒಣಗಿದವು. ಅದರಲ್ಲೊಂದು ಜೋಡಿಯ ಕೆಳಗೆ ಈ ಹುಡುಗಿಯ ಹೆಸರಿನ ಚೀಟಿ ಇತ್ತು.

ಶ್ರಾವಣದಲ್ಲಿ ನಾನೂ ಸಹಾಯಕಿಯೂ ಹುಲ್ಲು ತುಂಬಿದ ರಟ್ಟಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋದೆವು. ದಾರಿಯಲ್ಲಿ ಪ್ರತಿ ರೋಡ್ ಹಂಪ್‌ಗೂ ನಾನು ಡ್ರೈವರನ್ನು ಬೈದೆ. ಪ್ರದರ್ಶನ ಮುಗಿಯುವವರೆಗೆ ಕೋಟೆ ನೋಡಿ ಬರಾಣ ಎಂದು ಸಹಾಯಕಿ ಆಸೆಪಟ್ಟಳು; ಎತ್ತಿನ ಕಾಲು ಯಾರಾದರೂ ಮುರಿದರೆ ಎಂದು ನಾನು ಮೇಜು ಬಿಟ್ಟು ಅಲ್ಲಾಡಲಿಲ್ಲ. ನೋಡಿದವರೆಲ್ಲ ಒಂದೇ ಮಾತು ಕೇಳಿದರು: ನಾಲ್ಕು ವರ್ಷದ ಮಕ್ಕಳು ಮಾಡಿದ್ದೇ ಇದು? ಹೌದು ಎಂದೆ, ಎಷ್ಟು ಸಲವೋ. ಒಂದು ಪ್ರಮಾಣಪತ್ರ ಕೊಟ್ಟರು. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೆ.

ಒಂದು ತಿಂಗಳಿಗೆ ಹುಡುಗಿ ಹೋಯಿತು. ಮಣ್ಣು ಮಾಡುವಾಗ ನಾನೂ ಹೋಗಿದ್ದೆ, ದೂರ ನಿಂತಿದ್ದೆ. ಅಷ್ಟು ಸಣ್ಣ ಗುಣಿ ನೋಡಲು ಆಗಲಿಲ್ಲ. ಮಾರನೆಯ ದಿನ ಅಂಗನವಾಡಿಯ ಬಾಗಿಲು ತೆಗೆದು ಹಾಜರಿ ಬರೆಯುವಾಗ ಆ ಹೆಸರಿನ ಮುಂದೆ ಕೈ ನಿಂತಿತು. ಸಹಾಯಕಿ ಅನ್ನಕ್ಕೆ ಅಕ್ಕಿ ಅಳೆಯುತ್ತ ದಿನದ ಲೆಕ್ಕದಂತೆಯೇ ಆ ಹುಡುಗಿಯ ಪಾಲನ್ನೂ ಸೇರಿಸಿ ಹಾಕಿಬಿಟ್ಟಿದ್ದಳು. ಗೊತ್ತಾದಾಗ ಇಬ್ಬರೂ ಕೂತು ಅತ್ತೆವು.

ಇಷ್ಟೆಲ್ಲ ಆದ ಮೇಲೆ, ಆ ತಾಯಿ ಬಂದು ಕೇಳಿ ಹೋದ ಮೇಲಿನ ಭಾನುವಾರ, ನಾನು ಅಂಗನವಾಡಿಯ ಬೀರು ತೆಗೆದು ಹುಡುಕಲು ಕೂತೆ. ಮೊದಲು ಸಿಕ್ಕಿದ್ದು ಹರಳೆಲೆಯ ಅಚ್ಚಿನ ಕಾಗದಗಳು. ಅವಳದು ಮೂರಿದ್ದವು. ಮೂರಕ್ಕೂ ಅಂಚು ಕಟ್ಟಿ, ಬಣ್ಣ ಚೆಲ್ಲಿದ ಕಡೆ ಬಿಳಿ ಹಚ್ಚಿ, ನರಗಳನ್ನೆಲ್ಲ ಸಣ್ಣ ಬ್ರಷ್ಷಿನಲ್ಲಿ ನಾನೇ ಎಳೆದಿದ್ದೆ. ಅವಳು ಒತ್ತಿದ ಎಲೆಯ ಗುರುತು ಅದರಡಿಯಲ್ಲಿ ಎಲ್ಲೋ ಹೂತುಹೋಗಿತ್ತು. ಹುಣಸೆಬೀಜದ ನವಿಲು ಹೊಸದು, ನನ್ನದು. ಮೆಕ್ಕೆಜೋಳದ ಬೊಂಬೆಗಳನ್ನು ಇಲಿಗಳು ತಿಂದಿದ್ದವು. ಗರಿಯ ವಾಚು, ಹಾವು ಎಲ್ಲ ಒಣಗಿದ ಮೇಲೆ ಸಹಾಯಕಿ ಒಲೆಗೆ ಹಾಕಿದ್ದಳು. ಜಾಲಿಕಾಯಿಯ ಗೆಜ್ಜೆಯನ್ನು ಹುಡುಗಿ ಮನೆಗೆ ಕಟ್ಟಿಕೊಂಡು ಹೋಗಿತ್ತು, ಅದು ಗುಣಿಗೆ ಬಿದ್ದಿರಬೇಕು. ಸೊಪ್ಪುಸದೆಯಲ್ಲಿ ಮಾಡಿದ್ದು ಉಳಿಯುವುದಿಲ್ಲ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಗೋಡೆಯ ಮೇಲೆ, ಬೀರುವಿನಲ್ಲಿ ಉಳಿದದ್ದೆಲ್ಲ ನನ್ನ ಕೈ ಎಂದು ಮಾತ್ರ ಅವತ್ತೇ ತಿಳಿದಿದ್ದು. ಒಂದೊಂದೇ ತೆಗೆದು ನೋಡಿದಂತೆ ನನಗೆ ನಾಚಿಕೆಯಾಯಿತು, ಆಮೇಲೆ ಭಯವಾಯಿತು.

ಕೊನೆಗೆ ಕೆಳಗಿನ ಹಲಗೆಯಲ್ಲಿ ರಟ್ಟಿನ ಡಬ್ಬ ಸಿಕ್ಕಿತು. ಹುಲ್ಲು ಸರಿಸಿದೆ. ಅವಳ ಹೆಸರಿನ ಚೀಟಿ ಅಂಟಿದ ಜೋಡಿ ಒಂದಿಷ್ಟೂ ಮುಕ್ಕಾಗದೆ ನಿಂತಿತ್ತು. ಅದು ಯಾರು ಮಾಡಿದ್ದು ಎಂದು ನನಗೆ ಗೊತ್ತು. ಆದರೂ ಕೂತು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಣ್ಣು ಅವಳದೇ ಅಲ್ಲವೇ? ಅವಳೇ ಗಂಟೆಗಟ್ಟಲೆ ತಟ್ಟಿದ ಮಣ್ಣು. ಅವಳ ಬೆವರು ಅದರಲ್ಲೇ ಇದೆ. ಆ ತಾಯಿಗೆ ಬೇಕಾದದ್ದು ಕೈಯಲ್ಲಿ ಹಿಡಿಯಲು ಏನಾದರೊಂದು. ಕೊಟ್ಟರೆ ಯಾರಿಗೇನು ನಷ್ಟ?

ಸೋಮವಾರ ಬೆಳಗ್ಗೆ ಸಹಾಯಕಿ ಮೇಜಿನ ಮೇಲೆ ಎತ್ತುಗಳನ್ನು ನೋಡಿದಳು. “ಇವು ನೀವ್ ಮಾಡಿದ್ವಲ್ವೇನ್ರಿ?”

“ಸುಮ್ನಿರು” ಎಂದೆ.

“ನಾ ಸುಮ್ನೇ ಇರ್ತೀನಿ. ನಿಮಗೆ ಆಗ್ತೈತಾ ನೋಡ್ಕಳ್ರಿ” ಎಂದು ಒಳಗೆ ಹೋದಳು.

ಆ ತಾಯಿ ಅವತ್ತು ಕೂಲಿಗೆ ಹೋಗಿರಲಿಲ್ಲ. ಒಗೆದ ಸೀರೆ ಉಟ್ಟು, ತಲೆ ಬಾಚಿ, ಯಾರದೋ ಮನೆಗೆ ಹೆಣ್ಣು ನೋಡಲು ಹೊರಟವಳ ಹಾಗೆ ಬಂದಿದ್ದಳು. ಕೈಯಲ್ಲಿ ಒಂದು ಹೊಸ ಟವೆಲ್ಲು, ಸುತ್ತಿಕೊಂಡು ಹೋಗಲು. ಸಹಾಯಕಿ “ಬರ್ರಿ, ಕುಂತ್ಕಳ್ರಿ” ಎಂದು ಚಾಪೆ ಹಾಸಿದಳು. ನಾನು ಎತ್ತುಗಳನ್ನು ತಂದು ಅವಳ ಮುಂದಿಟ್ಟೆ. ಚೀಟಿ ಕಾಣುವ ಹಾಗೆ ಇಟ್ಟೆ.

ಅವಳು ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಒಂದನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಎರಡು ತಿಂಗಳಿಂದ ನಾನು ಕಾಣದ ನಗು ಆ ಮುಖದಲ್ಲಿ ಕಂಡಿತು. “ಇಷ್ಟು ಚೆನ್ನಾಗಿ ಮಾಡ್ಯಾಳಲ್ರಿ” ಎಂದಳು. “ಮನೇಲಿ ಒಂದು ಲೋಟ ನೆಟ್ಟಗೆ ಹಿಡೀತಿರ್ಲಿಲ್ಲ.”

ನಾನು “ಹೂಂ” ಎಂದೆ. ಅಷ್ಟೇ ಅಂದದ್ದು. ಆ ಒಂದು ಹೂಂ ಅನ್ನು ನಾನು ವಾಪಸ್ಸು ತೆಗೆದುಕೊಳ್ಳುವ ಹಾಗಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಅವಳು ಎತ್ತಿನ ಮೈ ಸವರುತ್ತ ಹೋದಳು. ಕೊಂಬು, ಕತ್ತು, ಹೊಟ್ಟೆ. ಇಣಿಯ ಹಿಂದೆ, ಬೆನ್ನು ತಗ್ಗಾಗುವ ಕಡೆ ಹೆಬ್ಬೆರಳಿನಿಂದ ಒತ್ತಿದ ಒಂದು ಗುಳಿಯಿತ್ತು. ನಾನು ಯಾವ ಎತ್ತು ಮಾಡಿದರೂ ಅಲ್ಲೊಂದು ಗುಳಿ ಬೀಳುತ್ತದೆ, ಅಪ್ಪನಿಂದ ಬಂದ ಅಭ್ಯಾಸ. ಅಲ್ಲಿಗೆ ಬಂದು ಅವಳ ಬೆರಳು ನಿಂತಿತು. ಮಗಳ ಬೆರಳಿದ್ದ ಜಾಗ ಸಿಕ್ಕಿತೆಂದು ನಿಲ್ಲಿಸಿದಳೆಂದೇ ಕಾಣುತ್ತದೆ. ತನ್ನ ಹೆಬ್ಬೆರಳನ್ನು ಆ ಗುಳಿಯಲ್ಲಿಟ್ಟಳು. ತೆಗೆದಳು. ಮತ್ತೆ ಇಟ್ಟಳು.

“ಟೀಚರ್, ಇಲ್ಲಿ ನನ್ ಹೆಬ್ಬೆಟ್ಟು ಪೂರ್ತಿ ಹಿಡೀತೈತಲ್ರಿ” ಎಂದಳು.

ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಗೊತ್ತಾಗದ್ದನ್ನು ನನ್ನಿಂದ ತಿಳಿದುಕೊಳ್ಳಲು ಕೇಳಿದಂತಿತ್ತು. ನಾನು ಏನು ಹೇಳಿದ್ದರೂ ನಂಬುತ್ತಿದ್ದಳು. ಅದಕ್ಕೇ ನನಗೆ ಸುಳ್ಳು ಹೇಳಲು ಆಗಲಿಲ್ಲ. ಎಲ್ಲ ಹೇಳಿದೆ. ಮುದ್ದೆ ಮಾಡಿದ್ದು, ಹೊಸದು ಮಾಡಿ ಮಗಳ ಮುಂದೆಯೇ ನಿಲ್ಲಿಸಿದ್ದು, ಮಾರನೆಯ ದಿನ ಹುಡುಗಿ ಬಂದು ಹೇಳಿದ್ದು, ಎಲ್ಲ. ಒಳಗೆ ಸಹಾಯಕಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು.

ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಮಲ್ಗಿತ್ತು ಅಂದ್ಲಾ?” ಎಂದು ಕೇಳಿದಳು. “ಹಂಗೇ ಅಂದ್ಲಾ?”

“ಹಂಗೇ ಅಂದ್ಲು.”

“ನಮ್ ಹಿತ್ಲ ಮಗ್ಗುಲಾಗೆ ಒಬ್ಬಜ್ಜ ಅವನೆ. ಅವನ್ದು ಒಂದು ಮುದಿ ಎತ್ತು ಐತ್ರಿ. ಮಾರಾಕೂ ಮನಸಿಲ್ಲ ಅವನಿಗೆ. ಅದಕ್ಕೆ ಎದ್ದೇಳಾಕೆ ಆಗಲ್ಲ, ಮಲಗಿದ್ದಲ್ಲೇ ಮೇವು ನೀರು. ನಾವಿಬ್ರೂ ಕೂಲಿಗೆ ಹೋದ್ರೆ ಸಾಯಂಕಾಲ ಅವ್ಳು ಅದರ ಪಕ್ಕದಾಗೇ ಕುಂತಿರೋಳು. ಅದು ನಿಂತಿದ್ದು ನನ್ ಮಗಳು ನೋಡೇ ಇಲ್ಲ.” ಆಮೇಲೆ ನನ್ನ ಕೈ ನೋಡಿ, “ಹೆಂಗಿತ್ರಿ ಅವ್ಳು ಮಾಡಿದ್ದು? ನಿಮಗೆ ಕೈಕೆಲಸ ಬರ್ತೈತಲ್ಲ. ಹಂಗೇ ಒಂದು ಮಾಡಿ ತೋರ್ಸ್ರಿ. ನೋಡ್ತೀನಿ” ಎಂದಳು.

ಹಿತ್ತಿಲಲ್ಲಿ ಗೋಣಿ ಮುಚ್ಚಿದ ಬಕೆಟ್ಟಿನಲ್ಲಿ ಉಳಿದ ಮಣ್ಣಿತ್ತು. ನೀರು ಚಿಮುಕಿಸಿ ನಾದಿ ತಂದು ಅವಳೆದುರು ಕೂತೆ. ಬೆರಳುಗಳು ತಮ್ಮ ಪಾಡಿಗೆ ಕಾಲು ಎಳೆಯತೊಡಗಿದವು. ಮುದ್ದೆ ಮಾಡಿದೆ. ಎರಡನೆಯ ಸಲ ಕಾಲು ಮಡಿಸಿ ಮಲಗಿಸಿದೆ. ಮೈ ನುಣ್ಣಗಾಯಿತು, ಕತ್ತು ಎದ್ದು ನಿಂತಿತು, ಇಣಿ ತಾನಾಗಿ ಮೂಡಿತು.

“ಇದು ಗುಡಿ ಬಸವಣ್ಣ ಆತಲ್ರಿ” ಎಂದಳು ಅವಳು.

ಮತ್ತೆ ಮುದ್ದೆ ಮಾಡಿದೆ. ಸೊಟ್ಟಗೆ ಮಾಡಲು ನೋಡಿದೆ. ಬೇಕೆಂದು ಮಾಡಿದ ಸೊಟ್ಟ ಬೇಕೆಂದು ಮಾಡಿದ ಹಾಗೇ ಕಂಡಿತು.

“ತಲೆ ಎತ್ತಿತ್ತಾ, ನೆಲಕ್ಕೆ ಇಟ್ಟಿತ್ತಾ?” ಎಂದು ಕೇಳಿದಳು. “ಆ ಅಜ್ಜನ ಎತ್ತು ತಲೆ ನೆಲಕ್ಕೇ ಹಾಕಿರ್ತೈತೆ.”

ನಾನು ಮುದ್ದೆಯ ಒಂದು ತುದಿ ಎತ್ತಿದೆ, ಮತ್ತೆ ಒತ್ತಿದೆ.

“ಕಿವಿ ಇಟ್ಟಿದ್ಲಾ? ಬಾಲ ಯಾವ್ ಕಡೆಗಿತ್ತು?”

ಆ ಗಳಿಗೆಯನ್ನು ಮತ್ತೆ ಮತ್ತೆ ಕಣ್ಣ ಮುಂದೆ ತಂದುಕೊಂಡೆ. ಫೋನು ನೆನಪಾಯಿತು. ಮಳೆಯ ಮೋಡ, ಅಂಗಳದ ಹಲಗೆ, ಮಣ್ಣು ಮೆತ್ತಿದ ಪುಟ್ಟ ಅಂಗೈ, ಉಗುರಿನೊಳಗಿನ ಕಪ್ಪು, ಎಲ್ಲ ನೆನಪಾದವು. ಅಂಗೈ ಮೇಲಿದ್ದದ್ದು ಮಾತ್ರ ಬರಲಿಲ್ಲ. ಕಾಲಿಲ್ಲ ಎನ್ನುವುದಷ್ಟೇ ಗೊತ್ತು. ಇಲ್ಲದ್ದನ್ನು ನೋಡಿದ್ದೆ, ಇದ್ದದ್ದನ್ನು ನೋಡಿರಲಿಲ್ಲ. ಆ ಹುಡುಗಿ ಅದಕ್ಕೆ ಕಿವಿ ಇಟ್ಟಿತ್ತೋ, ಪಕ್ಕದಲ್ಲಿ ಮೇವು ಇಟ್ಟಿತ್ತೋ, ಪಕ್ಕದಲ್ಲಿ ತನ್ನನ್ನೇ ಕೂರಿಸಿಕೊಂಡಿತ್ತೋ ಗೊತ್ತಿಲ್ಲ. ಈ ಪ್ರಪಂಚದಲ್ಲಿ ಅದನ್ನು ಕಂಡ ಇನ್ನೊಂದು ಜೀವ ನಾನೊಬ್ಬಳೇ, ಮತ್ತು ನಾನು ನೋಡಿರಲಿಲ್ಲ.

“ನೋಡ್ಲಿಲ್ಲ ಕಣಮ್ಮ” ಎಂದೆ.

ಅವಳು ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು, ನನಗೆ ಜ್ಞಾಪಕ ಬರಬಹುದೆಂದು. ಮಕ್ಕಳು ಒಬ್ಬೊಬ್ಬರೇ ಬರತೊಡಗಿದರು. ಅವಳು ಎತ್ತನ್ನು ಮಡಿಲಿನಿಂದ ತೆಗೆದು ಅದರ ಜೋಡಿಯ ಪಕ್ಕಕ್ಕೆ ಇಟ್ಟಳು. ಟವೆಲ್ಲು ಮಡಚಿ ಕಂಕುಳಲ್ಲಿಟ್ಟುಕೊಂಡು ಎದ್ದಳು. ಬಾಗಿಲ ಹತ್ತಿರ ತಿರುಗಿ, “ಯಾವಾಗ್ಲಾರ ನೆಪ್ಪಾದ್ರೆ ಹೇಳ್ರಿ” ಎಂದಳು.

ಅದಾದ ಮೇಲೆ ನಾನು ತಿದ್ದುವುದು ಬಿಟ್ಟೆ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ, ಸಹಾಯಕಿ ಒಳಗಿನಿಂದ ಕೆಮ್ಮುತ್ತಾಳೆ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಗೋಡೆಯ ಮೇಲೆ ಈಗ ಕತ್ತಿಲ್ಲದ ನವಿಲುಗಳಿವೆ. ಈ ವರ್ಷ ಮಕ್ಕಳು ಎಷ್ಟೋ ಸಪ್ಪೆ ಎಂದು ಮೇಲ್ವಿಚಾರಕಿಯವರು ಬೇಸರಪಟ್ಟುಕೊಂಡರು.

ಆ ತಾಯಿ ಈಗಲೂ ಬೆಳಗ್ಗೆ ಒಂಬತ್ತಕ್ಕೆ ಕೂಲಿಗೆ ಹೋಗುತ್ತಾಳೆ. ನಮ್ಮ ಬಾಗಿಲ ಮುಂದೆಯೇ ದಾರಿ. ಮಾತಾಡಿಸುವುದಿಲ್ಲ, ನಿಲ್ಲುವುದೂ ಇಲ್ಲ, ಬಾಗಿಲ ಹತ್ತಿರ ಬಂದಾಗ ನಡಿಗೆ ಮಾತ್ರ ಒಂದೆರಡು ಹೆಜ್ಜೆ ನಿಧಾನವಾಗುತ್ತದೆ. ನಾನು ಇಲ್ಲವೆಂದು ತಲೆಯಾಡಿಸುತ್ತೇನೆ. ಅವಳು ಹೋಗುತ್ತಾಳೆ.